ಹೆಣವಿಲ್ಲದ ಬಡಿತ

ಹುಟ್ಟುಗುಣ ಎಂಬ ಮಾತು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಯಾರೋ ಚೆನ್ನಾಗಿ ಹಾಡಿದರೆ ಹುಟ್ಟುಗುಣ, ತಮಟೆ ಬಡಿದರೆ ಹುಟ್ಟುಗುಣ, ಇಸ್ಪೀಟಿನಲ್ಲಿ ಗೆದ್ದರೂ ಹುಟ್ಟುಗುಣ! ಹಾಗೆನ್ನುವವರನ್ನೆಲ್ಲ ಹಿಡಿದು ತಂದು ಒಂದು ದಿನ ನನ್ನ ಭಾವ ರಾಚಯ್ಯನ ಪಕ್ಕ ಕೂರಿಸಬೇಕಿತ್ತು. ನಮ್ಮ ತಮಟೆ ಗುಂಪಿನ ಮಾದಣ್ಣ ಸತ್ತ ದಿನ ನಮ್ಮ ಬೀದಿಯಲ್ಲಿ ನಿಂತಿದ್ದವರ್‍ಯಾರೂ ಆಮೇಲೆ ಆ ಮಾತು ಆಡಿದ್ದನ್ನು ನಾನು ಕೇಳಿಲ್ಲ.

ರಾಚಯ್ಯ ನನ್ನ ಅಕ್ಕ ಗುರುಮಲ್ಲಮ್ಮನ ಗಂಡ. ನಮ್ಮೂರು ಗುಂಡ್ಲುಪೇಟೆಯಿಂದ ಕೇರಳದ ಕಡೆಯ ಮದ್ದೂರಿಗೆ ಹೋಗುವ ದಾರಿಯಲ್ಲಿದೆ. ಬೆಳಿಗ್ಗೆ ಪೇಟೆಯ ಮಾರುಕಟ್ಟೆಯಲ್ಲಿ ಕೇರಳದ ಲಾರಿಗಳಿಗೆ ಕುಂಬಳಕಾಯಿ, ಬೀನ್ಸು, ಬಾಳೆಗೊನೆ ತುಂಬುವುದು ಅವನ ಕೆಲಸ. ಮಾತು ತೀರಾ ಕಮ್ಮಿ, ಆದರೆ ಬೆರಳು ಮಾತ್ರ ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ. ಲಾರಿಯ ಹಲಗೆ, ಊಟದ ತಟ್ಟೆ, ಸ್ವಂತ ತೊಡೆ, ಸಿಕ್ಕಿದ್ದರ ಮೇಲೆಲ್ಲ ಬಡಿತ. ‘ಚೇಟ್ಟಾ, ವಂಡಿ ಪೊಳಿಕ್ಕಲ್ಲೇ’ ಎಂದು ಮಲಯಾಳಿ ಡ್ರೈವರುಗಳು ಗೋಗರೆಯುತ್ತಿದ್ದರು, ಗಾಡಿ ಮುರಿಯಬೇಡ ಮಾರಾಯ ಅಂತ. ಅಕ್ಕನೋ, ಅನ್ನ ಬಡಿಸುವ ಮೊದಲು ಅವನ ಕೈ ಹಿಡಿದುಕೊಳ್ಳುತ್ತಿದ್ದಳು.

ನಾವೆಲ್ಲ ಮಾದಣ್ಣನ ತಮಟೆ ಗುಂಪಿನವರು. ಮದುವೆಗೆ, ಹಬ್ಬಕ್ಕೆ, ಚುನಾವಣೆಗೆ, ಸಾವಿಗೆ ಸುತ್ತಲಿನವರು ನಮ್ಮನ್ನೇ ಕರೆಯುತ್ತಿದ್ದರು. ಮಾದಣ್ಣ ಮುಂದಾಳು. ಅವನು ಸಾಕಿ ಬೆಳೆಸಿದ ತನ್ನ ಅಕ್ಕನ ಮಗ ಚಿಕ್ಕಮಾದು ಅವನ ಬಲಗಡೆ. ರಾಚಯ್ಯ ಮತ್ತು ನಾನು ಹಿಂದಿನ ಸಾಲಿನಲ್ಲಿ. ಮುಂದಿನವರು ಬಡಿದದ್ದಕ್ಕೆ ಹೂಂಗುಟ್ಟುವುದಷ್ಟೇ ನಮ್ಮ ಪಾಲು. ಚಿಕ್ಕಮಾದುವಿನದು ಮಾತ್ರ ವಿಚಿತ್ರದ ಕೈ, ಸುಳ್ಳು ಹೇಳಬಾರದು. ಒಂದು ಸಲ ಕಿವಿಗೆ ಬಿದ್ದರೆ ಮುಗಿಯಿತು, ಕೈಗೆ ಇಳಿದುಬಿಡುತ್ತಿತ್ತು. ಭಾವ ತಿಂಗಳುಗಟ್ಟಲೆ ತಿಣುಕಿ ಕಲಿತದ್ದನ್ನು ಅವನು ಬೀಡಿ ಕಚ್ಚಿಕೊಂಡೇ ಬಡಿದು, “ಇಷ್ಟೇ ತಾನೆ ರಾಚಣ್ಣ? ಇದ್ಕೆ ಇಷ್ಟು ಪಾಡು ಪಟ್ಟೆಯಾ?” ಎಂದು ನಗುತ್ತಿದ್ದ. ನನಗೆ ಕಪಾಳಕ್ಕೆ ಬಿಗಿಯಬೇಕು ಅನ್ನಿಸುತ್ತಿತ್ತು. ಭಾವ ಮಾತ್ರ ನಕ್ಕು, “ಇನ್ನೊಂದ್ಸಲ ಬಡಿ ಕಣ್ಲಾ, ನೋಡ್ತೀನಿ” ಅನ್ನುತ್ತಿದ್ದ.

ಭಾವನಿಗೆ ಇದ್ದದ್ದು ಒಂದೇ ಆಸೆ: ಒಂದು ದಿನ ಗುಂಪಿನ ಮುಂದಾಳಾಗಬೇಕು. ಮುಂದಾಳನ್ನು ಆರಿಸಲು ನಮ್ಮಲ್ಲಿ ಒಂದು ಕ್ರಮವಿದೆ. ಹಳೆಯ ಮುಂದಾಳು ಸತ್ತಾಗ ಮನೆಯಿಂದ ಮಣ್ಣಿನವರೆಗೆ ಅವನ ಹೆಣದ ಮುಂದೆ ಯಾರು ಸಾವಿನ ಬಡಿತವನ್ನು ತಪ್ಪದೆ ಒಯ್ಯುತ್ತಾನೋ ಅವನೇ ಹೊಸಬ. ಆ ಬಡಿತವೋ ಬಲು ಕಷ್ಟದ್ದು. ನಿಧಾನವಾಗಿ ನಡೆಯುತ್ತ ನಡೆಯುತ್ತ ಬಡಿತದ ನಡುವೆ ಒಂದು ಪೆಟ್ಟಿನ ಜಾಗ ಖಾಲಿ ಬಿಡಬೇಕು. ಚಟ್ಟ ಹೊತ್ತವರ ಹೆಜ್ಜೆ ನೆಲಕ್ಕೆ ಬಿದ್ದಾಗಲೇ ಮುಂದಿನ ಪೆಟ್ಟು ಬೀಳಬೇಕು. ಇಷ್ಟು ಕಷ್ಟದ್ದನ್ನು ಅಭ್ಯಾಸ ಮಾಡೋಣವೆಂದರೆ ಅದೂ ನಿಷಿದ್ಧ. ಹೆಣವಿಲ್ಲದೆ ಬಡಿದರೆ ಅದು ಹೆಣ ಕೇಳುತ್ತದೆ ಎಂದು ನಮ್ಮವರ ನಂಬಿಕೆ. ತೊಡೆಯ ಮೇಲೂ ಕುಟ್ಟುವಂತಿಲ್ಲ. ಸಾವಿನ ಮನೆಯಲ್ಲಿ ಮುಂದಿನ ಸಾಲಿನಲ್ಲಿ ನಿಂತೇ ಅದನ್ನು ಕಲಿಯಬೇಕು. ಬಡಿದೂ ಬಡಿದೂ ಕಲಿಯುವ ಹಿಂದಿನ ಸಾಲಿನವನಿಗೆ ಆ ಬಾಗಿಲು ಮುಚ್ಚಿದ ಹಾಗೆಯೇ.

ಚಾಮರಾಜನಗರ ಜಿಲ್ಲೆಯಾದ ವರ್ಷ ಮಾದಣ್ಣ ಹಾಸಿಗೆ ಹಿಡಿದ. ಆ ವರ್ಷ ನಗರದ ಒಂದು ಮೆರವಣಿಗೆಗೆ ನಮ್ಮನ್ನು ಕರೆದಾಗ ಚಿಕ್ಕಮಾದುವೇ ಮುಂದೆ ನಿಂತ. ಜನ ಹುಚ್ಚೆದ್ದು ಕುಣಿದರು. ಮುಂದಾಳು ಯಾರೆಂದು ಅಂದೇ ತೀರ್ಮಾನವಾಯಿತು ಎಂದು ಎಲ್ಲರೂ ಮಾತಾಡಿಕೊಂಡರು. ಮಳೆಗಾಲ ಮುಗಿಯುವ ಹೊತ್ತಿಗೆ ಮಾದಣ್ಣ ತೀರಿಕೊಂಡ.

ಮಧ್ಯಾಹ್ನ ಚಟ್ಟ ಎತ್ತಿದರು. ಅತ್ತು ಅತ್ತು ಕಣ್ಣು ಊದಿಸಿಕೊಂಡಿದ್ದ ಚಿಕ್ಕಮಾದು ತಮಟೆ ಕೊರಳಿಗೆ ಹಾಕಿಕೊಂಡು ಮುಂದೆ ಬಂದು ನಿಂತ. ಕೋಲು ಎತ್ತಿದ. ನಾಲ್ಕು ಪೆಟ್ಟು ಸರಿಯಾಗಿ ಬಿತ್ತು. ಖಾಲಿ ಜಾಗ ಬಂದಾಗ ಅವನ ಕೈ ನಿಲ್ಲಲಿಲ್ಲ. ಜಾರಿತು, ಜಾರಿದ್ದೇ ತನಗೆ ಸಲೀಸಾದ ಕಡೆ ಓಡಿಹೋಯಿತು. ಅಯ್ಯೋ, ಹೇಗೆ ಹೇಳಲಿ? ಸಾಕಿದ ಮಾವನ ಹೆಣದ ಮುಂದೆ ಮದುವೆಯ ಬಡಿತ! ಗಂಡನ್ನು ಚಪ್ಪರಕ್ಕೆ ಕರೆತರುವಾಗ ಬಡಿಯುವ ಆ ಕುಣಿತದ ಬಡಿತ! ಹೆಂಗಸರ ಅಳು ಗಕ್ಕನೆ ನಿಂತಿತು. ಚಟ್ಟ ಹೊತ್ತವರು ಕಾಲು ಎತ್ತಲಾರದೆ ನಿಂತರು. ತನ್ನ ಕೈ ಏನು ಮಾಡುತ್ತಿದೆ ಎಂದು ಚಿಕ್ಕಮಾದುವಿಗೆ ಗೊತ್ತಾದದ್ದು ಎಲ್ಲರಿಗಿಂತ ಕೊನೆಗೆ. ಕೋಲು ಬಿಸಾಡಿ ಅಲ್ಲೇ ಕುಕ್ಕರಿಸಿದ.

ಪಕ್ಕದಲ್ಲಿದ್ದ ಭಾವ ಯಾವಾಗ ಮುಂದೆ ಹೋದನೋ ನೋಡಲಿಲ್ಲ. ಮೊದಲ ಪೆಟ್ಟು ಕೇಳಿದಾಗ ಮಾದಣ್ಣನೇ ಎದ್ದು ಬಡಿದನೇನೋ ಎಂದು ಚಟ್ಟದ ಕಡೆ ತಿರುಗಿ ನೋಡಿದೆ. ಒಂದು ಪೆಟ್ಟೂ ತಪ್ಪಲಿಲ್ಲ. ಖಾಲಿ ಜಾಗದಲ್ಲಿ ಕೋಲು ಗಾಳಿಯಲ್ಲಿ ನಿಂತಾಗ ಇಡೀ ಬೀದಿ ಉಸಿರು ಹಿಡಿಯುತ್ತಿತ್ತು; ಹೆಜ್ಜೆ ಬಿದ್ದೊಡನೆ ಪೆಟ್ಟು ಬೀಳುತ್ತಿತ್ತು. ಹಾಗೆಯೇ ಮಣ್ಣಿನವರೆಗೆ ಹೋದೆವು. ಹಿಂದಿನ ಸಾಲಿನಲ್ಲಿ ನಾನು ಒಬ್ಬನೇ ಬಡಿದೆ.

ಮಣ್ಣು ಮುಗಿಸಿ ಬಂದಾಗ ಬೀದಿಯ ಯಜಮಾನ ನಾಗಯ್ಯ ಅಕ್ಕನ ಮನೆಯ ಮುಂದೆ ಬಂದು ನಿಂತ. ಅವನ ಹಿಂದೆ ಜನ. ಹೊಸ ಮುಂದಾಳಿಗೆ ಹೊಗಳಿಕೆ ಹೇಳಲು ಬಂದರು ಎಂದುಕೊಂಡೆ.

“ಇದ್ನ ಎಲ್ಲಿ ಕಲ್ತೆ ಲಾ?” ಎಂದ ನಾಗಯ್ಯ.

ಭಾವ ಕೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ.

“ಇಂದ್ಗಡೆ ನಿಂತವ್ನಿಗೆ ಇದು ಬರಾಕಿಲ್ಲ. ಸಾಯೋಗಂಟ ಕೇಳುದ್ರೂ ಬರಾಕಿಲ್ಲ. ನೀನು ಎಣ ಇಲ್ದೆ ಬಡ್ದಿದ್ದೀಯೆ. ಮಾದಣ್ಣ ಮಲ್ಗುದ್ದು ಸುಮ್ನೆ ಅಲ್ಲ ಕಣ್ಲಾ!” ನಾಗಯ್ಯ ಭಾವನ ಕೊರಳಿನಿಂದ ತಮಟೆ ಕಿತ್ತುಕೊಂಡ. “ಮುಂದಾಳ್ತನ ಬೇಕು ಅಂತ ಒಂದು ಜೀವ ಕೇಳ್ಬುಟ್ಯಾ? ಇನ್ಮೇಲೆ ಈ ಗುಂಪ್ನಲ್ಲಿ ನೀನಿಲ್ಲ.”

ಇದೆಲ್ಲ ಮೂಢನಂಬಿಕೆ ಎಂದು ಕಿರುಚಬೇಕೆಂದುಕೊಂಡೆ. ಅಷ್ಟರಲ್ಲಿ ಅಕ್ಕ ಬಾಗಿಲಿಗೆ ಬಂದಿದ್ದಳು. ಅವಳ ಮುಖ ನೋಡಿದೆ. ಅವಳಿಗೆ ಮಾದಣ್ಣನ ಚಿಂತೆ ಇರಲಿಲ್ಲ. ಮೂರು ವರ್ಷದ ಹಿಂದೆ ಅಕ್ಕನಿಗೂ ಭಾವನಿಗೂ ಇದ್ದ ಒಬ್ಬಳೇ ಮಗಳು ಭವ್ಯ, ಇನ್ನೂ ಮಾತು ಕಲಿಯುತ್ತಿದ್ದ ಕೂಸು, ಜ್ವರದಲ್ಲಿ ಹೋಗಿಬಿಟ್ಟಿದ್ದಳು. ಅಕ್ಕ ಈಗ ಬಾಗಿಲ ಚೌಕಟ್ಟು ಹಿಡಿದುಕೊಂಡು ಗಂಡನನ್ನೇ ನೋಡುತ್ತಿದ್ದಳು.

“ನಮ್ ಭವ್ಯ ಇದ್ದಾಗ್ಲೂ ಬಡೀತಿದ್ಯಾ?” ಎಂದಳು.

ಇಂಥ ಪ್ರಶ್ನೆ ಇದೆ ಎಂದು ನಾಗಯ್ಯನಿಗೂ ಹೊಳೆದಿರಲಿಲ್ಲ.

“ಇಲ್ಲ ಕಣಮ್ಮಿ,” ಎಂದ ಭಾವ. “ಅವ್ಳು ಓದ್ಮೇಲೆ.”

“ಯಾಕೆ?”

ಭಾವನ ಬೆರಳುಗಳು ಅಂದು ಮೊದಲ ಸಲ ಅಲುಗಾಡದೆ ಇದ್ದವು.

“ಕೂಸ್ಗೆ ತಮಟೆ ಇಲ್ಲ ಅಂದ್ರು. ಪದ್ಧತಿ ಇಲ್ಲ ಅಂದ್ರು. ಟವಲ್‌ನಲ್ಲಿ ಸುತ್ಕೊಂಡು ಸುಮ್ನೆ ಎತ್ಕೊಂಡೋಗಿ ಇಟ್ಟು ಬಂದೊ. ಊರ್ನೋರ್ಗೆಲ್ಲಾ ಬಡ್ದಿದ್ದೀನಿ, ನನ್ ಮಗ್ಳಿಗೆ ಒಂದು ಏಟು ಬಡೀನಿಲ್ಲ. ಅದ್ಕೆ ಒಂದಿನ ತಮಟೆಯ ಚೀಲ್ದಲ್ಲಿ ಮಡಿಕೊಂಡೋಗಿ, ಮಾರ್ಕೆಟ್ನಿಂದ ಬರೋವಾಗ ಅವ್ಳು ಮಲ್ಗಿರೋ ತಾವ ಓದೆ. ತಮಟೆ ಕಾಯಿಸ್ನಿಲ್ಲ, ಯಾರ್ಗೂ ಕೇಳ್ದೆ ಇರ್ಲಿ ಅಂತ. ಬಡ್ದೆ. ಸರಿಯಾಗಿ ಬರ್ನಿಲ್ಲ. ಅದ್ಕೆ ತಿರ್ಗಾ ಓದೆ. ಆಗ್ಲೂ ಬರ್ನಿಲ್ಲ. ತಿರ್ಗಾ ಓದೆ.”

ಬೆಂಕಿಗೆ ಹಿಡಿದು ಕಾಯಿಸದ ತಮಟೆ ತೊಯ್ದ ಗೋಣಿಯ ಹಾಗೆ ದೊಬ್ಬ ದೊಬ್ಬ ಅನ್ನುತ್ತದೆ. ಹತ್ತು ಮಾರು ಆಚೆಗೆ ಕೇಳುವುದಿಲ್ಲ. ಮೂರು ವರ್ಷ ಈ ಮನುಷ್ಯ ಹಾಗೆ ಬಡಿದಿದ್ದ. ಒಂದೇ ತಟ್ಟೆಯಲ್ಲಿ ಉಂಡ ನನಗೆ ಗೊತ್ತಿರಲಿಲ್ಲ, ಒಂದೇ ಚಾಪೆಯಲ್ಲಿ ಮಲಗಿದ ಅಕ್ಕನಿಗೆ ಗೊತ್ತಿರಲಿಲ್ಲ. ಮುಂದಾಳ್ತನಕ್ಕಾಗಿ ಕಲಿತ ಎಂದು ಇಡೀ ಬೀದಿ ನಂಬಿತ್ತು. ನನಗೆ ಎಲ್ಲಿಗಾದರೂ ಓಡಿಹೋಗೋಣ ಅನ್ನಿಸಿತು.

ಅಕ್ಕ ಅಳುತ್ತಾಳೆ, ಇಲ್ಲವೇ ಅವನನ್ನು ಹೊಡೆಯುತ್ತಾಳೆ ಎಂದುಕೊಂಡೆ. ಎರಡೂ ಆಗಲಿಲ್ಲ.

“ನನ್ನ ಯಾಕೆ ಕರ್ಕೊಂಡೋಗ್ನಿಲ್ಲ?” ಎಂದಳು.

ಅಕ್ಕ ಮೆಟ್ಟಿಲಿಳಿದು ಬಂದು ನಾಗಯ್ಯನ ಮುಂದೆ ಕೈಚಾಚಿದಳು. ನಾಗಯ್ಯ ತಮಟೆ ಕೊಟ್ಟ. ಅವಳೇ ಒಂದು ಹಿಡಿ ಹುಲ್ಲು ತಂದು ಬೀದಿಯ ನಡುವೆ ಹೊತ್ತಿಸಿ, ತಮಟೆಯನ್ನು ಉರಿಗೆ ಹಿಡಿದಳು. ಚರ್ಮ ಬಿಗಿದು ಠಣ್ಣೆಂದಾಗ ಗಂಡನ ಕೊರಳಿಗೆ ಹಾಕಿದಳು.

“ನಡಿ ಓಗನ,” ಎಂದಳು. “ಕಾಯ್ಸಿ ಬಡಿ. ನಾನೂ ಕೇಳ್ಬೇಕು, ಅವ್ಳೂ ಕೇಳ್ಲಿ.”

ಹಾಡಹಗಲಿನಲ್ಲಿ, ಹೆಣವಿಲ್ಲದೆ, ಊರ ನಡುವೆ ರಾಚಯ್ಯ ಸಾವಿನ ಬಡಿತ ಎತ್ತಿದ. ಯಾರೂ ತಡೆಯಲಿಲ್ಲ. ಅಕ್ಕ ಅವನ ಪಕ್ಕದಲ್ಲಿ ನಡೆದಳು. ಮಾದಣ್ಣನ ಮನೆಯ ಜಗಲಿಯ ಮೇಲೆ ಕುಕ್ಕರಿಸಿದ್ದ ಚಿಕ್ಕಮಾದು ಎದ್ದು ಕಣ್ಣೊರೆಸಿಕೊಂಡು, ತಮಟೆ ಹಾಕಿಕೊಂಡು ಬಂದು, ಹಿಂದಿನ ಸಾಲಿನಲ್ಲಿ ನನ್ನ ಪಕ್ಕ ಭಾವ ನಿಲ್ಲುತ್ತಿದ್ದ ಜಾಗದಲ್ಲಿ ನಿಂತ.