ಏಳದ ಮುಳ್ಳು

ಎದುರುಮನೆಯ ಜೀಪಿನವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು, ಮುಚ್ಚಿಡುವುದೇನಿದೆ. ಅವರ ಜೀಪು ನನ್ನ ಮದುವೆಗಿಂತ ಹಳೆಯದು. ಟ್ಯಾಂಕು ತುಂಬಿ ತುಳುಕಿದರೂ ಅದರ ಡೀಸೆಲ್ ಮುಳ್ಳು ಖಾಲಿ ಎಂದೇ ಹಟ ಹಿಡಿದು ಮಲಗಿರುತ್ತದೆ. ರಜೆ ಬಂತೆಂದರೆ ಅವರು ಟ್ಯಾಂಕಿನ ವೈರು ಬಿಚ್ಚಿ ಜೀಪಿನ ಮೈಗೆ ತಾಗಿಸುತ್ತಾರೆ, ಮುಳ್ಳು ತಟ್ಟನೆ ಎದ್ದು ನಿಲ್ಲುತ್ತದೆ, ಬೀದಿಯ ಗಂಡಸರೆಲ್ಲ ನನ್ನ ಹೊಸ ಕಾರಿಗೆ ಬೆನ್ನು ಹಾಕಿ ಅಲ್ಲಿ ನೆರೆಯುತ್ತಾರೆ. “ಮುಳ್ಳಿಗೇನೂ ಆಗಿಲ್ಲ, ವೈರಿಗೂ ಆಗಿಲ್ಲ. ಟ್ಯಾಂಕೊಳಗೆ ತೇಲ್ಬೇಕಾದ ಫ್ಲೋಟು ಮುಳುಗಿ ಕೂತಿದೆ,” ಎಂದು ನಾಡಿ ಹಿಡಿದ ವೈದ್ಯರ ಹಾಗೆ ಹೇಳಿ, ವೈರನ್ನು ಇದ್ದಲ್ಲಿಗೇ ಸಿಕ್ಕಿಸಿ ಕೈ ತೊಳೆಯುತ್ತಾರೆ. ಹೊಸ ಫ್ಲೋಟು ಹಾಕಿಸಬಾರದೇ ಎಂದು ನಾನೊಮ್ಮೆ ಕೇಳಿಯೇಬಿಟ್ಟೆ. “ತಂದಿಟ್ಟು ವರ್ಷಗಳಾಯ್ತು,” ಎನ್ನುತ್ತ ಸೀಟಿನಡಿಯಿಂದ ತೆಗೆದು ತೋರಿಸಿದರು. ಕವರು ಕೂಡ ಒಡೆದಿರಲಿಲ್ಲ. ಅಷ್ಟರಲ್ಲಿ ಅವರ ಹೆಂಡತಿ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು, ಕೋಲೊಂದನ್ನು ಟ್ಯಾಂಕಿಗೆ ಇಳಿಸಿ, ಎತ್ತಿ ಬಿಸಿಲಿಗೆ ಹಿಡಿದು, “ನಾಲ್ಕೇ ಬೆರಳಿದೆ ರೀ, ದೂರ ಹೋಗ್ಬೇಡಿ, ಊಟಕ್ಕೆ ಬಂದ್ಬಿಡಿ,” ಎಂದರು. ಆಕೆ ದಿನವೂ ಹೀಗೇ ಅಳೆದು ಕಳಿಸುವುದಂತೆ. ನನ್ನ ಕಾರಿನ ಮುಳ್ಳು ಇವತ್ತಿನವರೆಗೂ ಸುಳ್ಳು ಹೇಳಿದ್ದಿಲ್ಲ. ಅದಕ್ಕೇ ಏನೋ, ನಾನು ಹೊರಟಾಗ ನಮ್ಮ ಮನೆಯಾಕೆ ಬಾಗಿಲಿಗೂ ಬರುವುದಿಲ್ಲ.