ಐದನೇ ದಿನ ಇಟ್ಟ ಹೆಸರು

ಮೊದಲು ಬಳೆ ಬಿಗಿಯಾದವು. ಆಗ ಎಂಟನೇ ತಿಂಗಳು. ಬಸುರಿಯ ಕೈಕಾಲು ಬಾತುಕೊಳ್ಳುವುದೇನು ಹೊಸದೇ ಎಂದು ನಾನೇ ಸುಮ್ಮನಿದ್ದೆ. ನಮ್ಮೂರು ಸೊರಡಿಯಿಂದ ಜತ್ತದ ಆಸ್ಪತ್ರೆಗೆ ಚೆಕಪ್‌ಗೆ ಹೋದ ದಿನ ತಲೆ ಸಿಡಿಯುತ್ತಿತ್ತು, ಕಣ್ಣ ಮುಂದೆ ಚುಕ್ಕೆಗಳು ಮಿಂಚುತ್ತಿದ್ದವು. ನರ್ಸ್ ಬಿಪಿ ನೋಡಿದಳು. ಮತ್ತೊಮ್ಮೆ ನೋಡಿದಳು. ಡಾಕ್ಟರರನ್ನು ಕರೆದಳು.

"ಇವತ್ತ ಸಿಜೇರಿಯನ್ ಮಾಡಬೇಕ್ರಿ," ಎಂದರು ಅವರು. "ತಡಾ ಮಾಡಿದ್ರ ಇಬ್ಬರ ಜೀವಕ್ಕೂ ಧೋಕಾ ಐತಿ."

ಎಚ್ಚರವಾದಾಗ ಮಗ್ಗುಲಲ್ಲಿ ಕೂಸಿರಲಿಲ್ಲ.

ಹೆಣ್ಣಂತೆ. ಉಸಿರಾಟ ಸರಿಯಿಲ್ಲವೆಂದು ಆಂಬುಲೆನ್ಸಿನಲ್ಲಿ ಮಿರಜಿನ ದೊಡ್ಡಾಸ್ಪತ್ರೆಯ ಎನ್‌ಐಸಿಯುಗೆ ಒಯ್ದಿದ್ದರು. ಜೊತೆಗೆ ನನ್ನ ಗಂಡ ಮತ್ತು ಅವರ ಅಕ್ಕ. ನನ್ನ ಬಿಪಿ ಇಳಿದಿರಲಿಲ್ಲವಾದ್ದರಿಂದ ನನ್ನನ್ನು ಜತ್ತದಲ್ಲೇ ಉಳಿಸಿಕೊಂಡರು.

ಅತ್ತೆ ಕುರಿಗಳನ್ನು ದೊಡ್ಡಿಗೆ ಕೂಡಿ ಸಂಜೆ ಬಸ್ಸಿಗೆ ಬರುತ್ತಿದ್ದರು, ಬೆಳಿಗ್ಗೆ ಹೋಗಿಬಿಡುತ್ತಿದ್ದರು. ಹಗಲೆಲ್ಲ ನಾನೊಬ್ಬಳೇ. ಎದುರಿನ ಮೂರೂ ಮಂಚಗಳಲ್ಲಿ ಕೂಸುಗಳು. ಒಂದು ಅತ್ತರೆ ಮೂರೂ ಅಳುತ್ತಿದ್ದವು. ಅವು ಅತ್ತಾಗಲೆಲ್ಲ ನನ್ನ ಎದೆಯ ಹಾಲು ಇಳಿದು ಕುಬಸ ತೊಯ್ಯುತ್ತಿತ್ತು. ಹಿಂಡಿ ಮೋರಿಗೆ ಚೆಲ್ಲುತ್ತಿದ್ದೆ. ಕಸ ಗುಡಿಸುವ ಹೆಂಗಸು ದಿನಾ ಮರಾಠಿಯಲ್ಲಿ, "ಬಾಳ ಕುಠೆ ಆಹೆ?" ಎನ್ನುವಳು. ಕೂಸು ಎಲ್ಲಿದೆಯೆಂದು ಅವಳಿಗೆ ಮೊದಲ ದಿನವೇ ಹೇಳಿದ್ದೆ. ಮೂರನೇ ದಿನದಿಂದ ಗೋಡೆ ಕಡೆ ತಿರುಗಿ ಮಲಗತೊಡಗಿದೆ.

ಗಂಡ ಮೊಬೈಲಿಗೆ ಫೋಟೋ ಕಳಿಸಿದ್ದರು. ಪೈಪು, ಟೇಪು, ನಡುವೆ ಒಂದಿಷ್ಟು ಮೂಗು. ಕೂಸನ್ನಿಟ್ಟ ಗಾಜಿನ ಪೆಟ್ಟಿಗೆಯ ಮೇಲಿನ ಚೀಟಿಯಲ್ಲಿ 'ಬೇಬಿ ಆಫ್ ರೇಣುಕಾ'. ಎಂಟು ತಿಂಗಳು ಹೊತ್ತವಳಿಗೆ ಮಗಳ ಮುಖವೇ ಗೊತ್ತಿಲ್ಲ! ಮಲಗಿದಲ್ಲೇ ಅವಳಿಗಾಗಿ ಮಾಡಬಹುದಾದ ಕೆಲಸ ಒಂದೇ, ಹೆಸರು ಹುಡುಕುವುದು. ಹುಡುಕಿ ಹುಡುಕಿ ಅನ್ವಿ ಎಂದು ಆರಿಸಿದೆ.

ನಮ್ಮಲ್ಲಿ ಹದಿಮೂರನೇ ದಿನ ತೊಟ್ಟಿಲಿಗೆ ಹಾಕುತ್ತಾರೆ. ಸೋದರತ್ತೆ ಕೂಸಿನ ಕಿವಿಯಲ್ಲಿ 'ಕುರ್ರ್' ಎಂದು ಹೆಸರು ಹೇಳುತ್ತಾಳೆ, ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದಿ ನಗುತ್ತಾರೆ. ನಮ್ಮ ಮನೆತನದಲ್ಲಿ ಅದಕ್ಕಿಂತ ಮುಂಚೆ ಹೆಸರಿಡುವುದಿಲ್ಲ. ಕೂಸು ಉಳಿಯುವುದಿಲ್ಲ ಎಂದಾದರೆ ಮಾತ್ರ, ಹೆಸರಿಲ್ಲದೆ ಹೋಗಬಾರದೆಂದು ಅವಸರದಲ್ಲಿ ಇಟ್ಟುಬಿಡುತ್ತಾರೆ.

ಒಂದು ಮಧ್ಯಾಹ್ನ ಗಂಡನ ಅಕ್ಕನ ಫೋನ್ ಬಂತು.

"ರೇಣಕಾ, ಕೂಸಿಗಿ ದಾನಮ್ಮ ಅಂತ ಹೆಸರಿಟ್ಟೀನಿ ನೋಡವಾ."

ಅಂದು ಐದನೇ ದಿನ.

"ಡಾಕ್ಟರ್ ಏನಂದಾರ್ರಿ, ಅಕ್ಕಾರ?"

ಫೋನ್ ಗಂಡನ ಕೈಗೆ ಹೋಯಿತು. ಅವರು, "ನೀ ಊಟಾ ಮಾಡಿದಿ?" ಎಂದರು.

ಎದ್ದು ಹೊರಡಲು ನೋಡಿದೆ. ಹೊಲಿಗೆ ಜಗ್ಗಿತು. ನರ್ಸ್ ಬೈದು ಮಲಗಿಸಿದಳು. ದುಃಖಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು ನನಗೆ. ದಾನಮ್ಮದೇವಿಯ ಗುಡ್ಡಾಪುರ ಹತ್ತಿರವೇ ಇರುವುದರಿಂದ ನಮ್ಮ ಕಡೆ ಓಣಿಗಿಬ್ಬರು ದಾನಮ್ಮಗಳು. ನನ್ನನ್ನು ಒಂದು ಮಾತು ಕೇಳದೆ, ನಾನು ಕಣ್ಣಿಂದ ನೋಡದ ಮಗಳಿಗೆ ಹೆಸರಿಟ್ಟು ಸಾಗಹಾಕುತ್ತಾಳಲ್ಲ ಈಕೆ! ಆ ಸಂಜೆ ಹಾಲು ಹಿಂಡಲಿಲ್ಲ. ಎದೆ ಕಲ್ಲಾಗಿ ಜ್ವರ ಬಂತು.

ಕೂಸು ಹೋಗಲಿಲ್ಲ. ಇದನ್ನು ಬರೆಯುವಾಗ ನನ್ನ ಪಕ್ಕದಲ್ಲೇ ಮಲಗಿದೆ. ತೂಕ ಇನ್ನೂ ಸಾಲದು ಎನ್ನುತ್ತಾರೆ. ಒಂಬತ್ತನೇ ದಿನ ವೆಂಟಿಲೇಟರ್ ತೆಗೆದರು. ಹನ್ನೊಂದನೇ ದಿನ ನನಗೆ ಡಿಸ್ಚಾರ್ಜ್ ಆಯಿತು, ಸೀದಾ ಮಿರಜಿಗೆ ಹೋದೆ.

ಎನ್‌ಐಸಿಯು ಹೊರಗಿನ ಬೆಂಚಿನ ಮೇಲೆ ಅಕ್ಕ ಕುಳಿತಿದ್ದರು. ಕಣ್ಣು ಒಳಗೆ ಹೋಗಿದ್ದವು. ನಾನು ಕ್ಷೇಮ ಕೇಳಲಿಲ್ಲ.

"ಸಾಯ್ತಾಳಂತ ಹೆಸರಿಟ್ರಿ, ಹೌದಿಲ್ರಿ?"

"ಹೌದವಾ. ತಮ್ಮ ಅಳಕೋತ ಇಟ್ಟಬಿಡು ಅಂದ." ಸೆರಗಿನ ತುದಿ ತಿರುವಿದರು. "ಒಳಗ ಹೋಗಿ ಪೆಟ್ಟಿಗಿ ತೂತಿಗೆ ಬಾಯಿ ಹಚ್ಚಿ ಕುರ್ರ್ ಅಂದೆ. ಬೆನ್ನಿಗಿ ಗುದ್ದಾಕ ಒಬ್ರೂ ಇರ್ಲಿಲ್ಲ. ಬಿಟ್ಟು ಬರಾಕ ಮನಸಾಗಲಿಲ್ಲ, ಅಲ್ಲೇ ನಿಂತು ಕರದೆ. ಒಳಗ ಬಿಟ್ಟಾಗೊಮ್ಮೆ ಹೋಗಿ ಕರದೆ. ಹೆಸರಿರಲಿಲ್ಲಂದ್ರ ಹೊಂಟಾಕಿನ್ನ ಏನಂತ ಹೊಳ್ಳಿ ಕರೀಲಿ, ನೀನ ಹೇಳು?"

ಒಳಗೆ ಒಬ್ಬರನ್ನೇ ಬಿಡುತ್ತಿದ್ದರು. ಕೈ ತೊಳೆದು ಹೋದೆ. ನನ್ನ ಅಂಗೈಗಿಂತ ಚೂರು ದೊಡ್ಡ ಬೆನ್ನು ಏರುತ್ತಿತ್ತು, ಇಳಿಯುತ್ತಿತ್ತು. ಆರು ದಿನದಿಂದ ಈ ಕಿವಿ ಕೇಳಿದ್ದು ಒಂದೇ ಹೆಸರು. ಅದು ಅವಳಿಗೆ ಗುರುತಾಗಿರಬಹುದು. ಅವಳಿಗೆ ಗುರುತಿಲ್ಲದವಳು ನಾನೇ.

ತೂತಿನ ಹತ್ತಿರ ಬಗ್ಗಿದೆ.

"ದಾನಮ್ಮಾ," ಎಂದೆ. "ನಾ ನಿಮ್ಮವ್ವ."