ತಮ್ಮನ ದೋಣಿಗೆ ನಾನು ಆರಿಸಿದ ಎಂಜಿನ್

ಕಬಿನಿ ಹಿನ್ನೀರಿನಲ್ಲಿ ನನ್ನ ತಮ್ಮ ದೋಣಿ ನಡೆಸುತ್ತಿದ್ದ. ಆಚೆ ದಡದಲ್ಲಿ ಜಮೀನಿದ್ದವರು ಬೆಳಿಗ್ಗೆ ಆರಕ್ಕೇ ಬಂದು ನಿಲ್ಲುತ್ತಿದ್ದರು. ರಸ್ತೆಯಲ್ಲಿ ಹೋದರೆ ದೊಡ್ಡ ಸುತ್ತು. ಮೂರು ವರ್ಷದ ಹಿಂದೆ ಅವನ ಹಳೆಯ ಎಂಜಿನ್ ಕೈಕೊಟ್ಟಿತು. ಹೊಸದನ್ನು ಆರಿಸಲು ನನ್ನನ್ನು ಕರೆದ. ಕರೆಯದಿದ್ದರೂ ಹೋಗುತ್ತಿದ್ದೆ. ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ದುಡಿದವನು ನಾನು.

ಮೈಸೂರಿನ ಅಂಗಡಿಯಲ್ಲಿ ಎರಡು ಎಂಜಿನ್ ಇದ್ದವು. ಒಂದಕ್ಕೆ ಹಳೆಯ ಬಗೆಯ ಕಾರ್ಬುರೇಟರ್, ಇನ್ನೊಂದಕ್ಕೆ ಹೊಸ ಬಗೆಯ ಫ್ಯುಯೆಲ್ ಇಂಜೆಕ್ಷನ್. ಎರಡನ್ನೂ ಹಗ್ಗ ಎಳೆದೇ ಸ್ಟಾರ್ಟ್ ಮಾಡಬೇಕು. ಇಂಜೆಕ್ಷನ್‌ನದು ಚಳಿಯಲ್ಲೂ ಒಂದೇ ಎಳೆತಕ್ಕೆ ಏಳುತ್ತದೆ ಎಂದ ಅಂಗಡಿಯವನು. ತಮ್ಮ ಅದರ ಹಗ್ಗವನ್ನು ಎಡಗೈಯಲ್ಲಿ ಹಿಡಿದು ನೋಡಿದ. ಏಕೆ ಎಡಗೈ ಎಂದು ಕೇಳಲು ನನಗೆ ಹೊಳೆಯಲಿಲ್ಲ.

"ಇದು ಕೆಟ್ರೆ ನಮ್ ಕಡೆ ಯಾರ್ಲಾ ರಿಪೇರಿ ಮಾಡೋರು? ಕಾರ್ಬುರೇಟರ್ ಆದ್ರೆ ನೀನೇ ಬಿಚ್ಚಿ, ಊದಿ, ಹಾಕ್ಬೋದು" ಎಂದೆ.

"ಅಂಗಲ್ಲಣ್ಣ, ಚಳೀಲಿ ಎಳ್ದೂ ಎಳ್ದೂ..."

"ಚಳಿಗೆ ಅಂತ್ಲೇ ಚೋಕ್ ಅದೆ, ಎಳಿ. ಕ್ರಮವಾಗಿ ಮಾಡುದ್ರೆ ಎಲ್ಲಾ ಆಯ್ತದೆ."

ಅವನು ಹಗ್ಗ ಬಿಟ್ಟ. "ಆಗ್ಲಿ ಬುಡಿ" ಎಂದ.

ನಮ್ಮ ಕಡೆ ಈ ಮಾತಿಗೆ ಎರಡು ಅರ್ಥ. ಒಪ್ಪಿದೆ ಎಂಬುದು ಒಂದು. ನಿಮ್ಮೊಡನೆ ವಾದ ಬೇಡ ಎಂಬುದು ಇನ್ನೊಂದು. ಅಣ್ಣನಿಗೆ ಎದುರಾಡದ ಮನೆ ನಮ್ಮದು. ನಾನು ಯಾವಾಗಲೂ ಮೊದಲನೆಯದನ್ನೇ ಕೇಳಿಸಿಕೊಂಡಿದ್ದೇನೆ.

ಎಂಜಿನ್ ನಿಲ್ಲಿಸುವ ಮೊದಲು ಕಾರ್ಬುರೇಟರಿನ ಪೆಟ್ರೋಲ್ ಖಾಲಿ ಮಾಡಬೇಕು, ವಾರಕ್ಕೊಮ್ಮೆ ಬಿಚ್ಚಿ ತೊಳೆಯಬೇಕು ಎಂದೆಲ್ಲ ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ಅವನು ಒಂದನ್ನೂ ತಪ್ಪಿಸಲಿಲ್ಲ. ಆದರೂ ಕಳೆದ ಡಿಸೆಂಬರಿನ ಒಂದು ಬೆಳಿಗ್ಗೆ ನಾನು ದಡಕ್ಕೆ ಹೋದಾಗ, ಮಂಜಿನಲ್ಲಿ ಅವನು ಹತ್ತನೆಯ ಸಲ ಎಳೆಯುತ್ತಿದ್ದ.

"ಇನ್ನೊಂದ್ ಕಿತ ಎಳುದ್ರೆ ನಾನು ಈಜ್ಕಂಡೇ ಓಯ್ತೀನಿ ಕಣಪ್ಪ," ಎಂದಳು ದೋಣಿಯಲ್ಲಿ ಕೂತಿದ್ದ ಮುದುಕಿ.

"ಓಗವ್ವ, ಮೊಸಳೆಗೂ ನಾಷ್ಟ ಬ್ಯಾಡ್ವಾ?" ಎಂದ ತಮ್ಮ.

ಎಲ್ಲರೂ ನಕ್ಕರು. ಅವನೂ ನಕ್ಕು, ಹಗ್ಗವನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿಕೊಂಡ. ಬಲಗೈ ಪಕ್ಕಕ್ಕೆ ಜೋತುಬಿತ್ತು.

"ಎಷ್ಟು ದಿನದಿಂದ್ಲಾ?" ಎಂದೆ.

"ಅಳೇ ಇಂಜಿನ್ ಕಾಲದಿಂದ್ಲೂ ಕಣಣ್ಣ. ಈಗ ವಸಿ ಜಾಸ್ತಿ."

ಭುಜದ ಸ್ನಾಯು ಹರಿದಿದೆ, ಇನ್ನು ಏನನ್ನೂ ಎಳೆಯಬಾರದು ಎಂದರು ಡಾಕ್ಟರು. ಆಸ್ಪತ್ರೆಯಿಂದ ಬರುತ್ತ ಬಸ್ಸಿನಲ್ಲಿ, ಇಂಜೆಕ್ಷನ್ ಎಂಜಿನ್ ತಂದುಬಿಡೋಣ ಎಂದೆ. ಅವನು ಕಿಟಕಿಯಾಚೆ ನೋಡುತ್ತಿದ್ದ.

"ಅದ್ನೂ ಒಂದ್ ಸಲನಾದ್ರೂ ಎಳೀಬೇಕಲ್ಲಣ್ಣ."

ಸಂಕ್ರಾಂತಿ ಕಳೆದ ಮೇಲೆ ದೋಣಿಯನ್ನು ಎಂಜಿನ್ ಸಮೇತ ಬೇರೆಯವರಿಗೆ ಮಾರಲು ನಿರ್ಧರಿಸಿದ. ಮಾತುಕತೆಗೆ ನಾನು ಬರುತ್ತೇನೆ ಎಂದು ಫೋನ್ ಮಾಡಿದೆ.

"ಬ್ಯಾಡಿ ಕಣಣ್ಣ. ನಾನೇ ಮಾತಾಡಿವ್ನಿ."

ನನ್ನನ್ನು ಕೇಳದೆ ಅವನು ಮಾಡಿದ ಮೊದಲ ನಿರ್ಧಾರ ಅದು. ಅವನು ದೋಣಿ ಒಪ್ಪಿಸುವ ದಿನ ನಾನು ಎಂದಿನಂತೆ ಐದಕ್ಕೆ ಎದ್ದು, ಸ್ನಾನ ಮುಗಿಸಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡೆ. ಹಿನ್ನೀರಿನ ಕಡೆ ಹೋಗುವ ಆರರ ಬಸ್ಸು ಬಂತು. ಹತ್ತಲಿಲ್ಲ.